ಹಕ್ಕುಪತ್ರ ಪೋಡಿನಲ್ಲಿ, ಸಂಬಳ ಬೆಂಗಳೂರಲ್ಲಿ: ಒಂದು ಸೋಲಿಗರ ಮನೆಯ ಪ್ರಕರಣ

ಪ್ರಕರಣ ಇಷ್ಟು. ಹೆಣ್ಣೂರು ಕಡೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ ಕೆಲಸ ಮಾಡುವ ಸೋಲಿಗ ಬುಡಕಟ್ಟಿನ ಯುವಕನೊಬ್ಬ ಊರಿಗೆ ವಾಪಸ್ ಹೋಗಲು ಯೋಚಿಸುತ್ತಿದ್ದಾನೆ. ಊರು ಅಂದರೆ ಬಿಳಿಗಿರಿರಂಗನ ಬೆಟ್ಟದ ಒಂದು ಪೋಡು. ಅಲ್ಲಿ ಅಪ್ಪ, ಅವ್ವ ಇದ್ದಾರೆ. ತಂಗಿ ಆಶ್ರಮ ಶಾಲೆಯಲ್ಲಿ ಓದುತ್ತಿದ್ದಾಳೆ. ಅಪ್ಪ, ಅವ್ವ ಇಬ್ಬರ ಹೆಸರಲ್ಲೂ ಸೇರಿ ಒಂದು ತುಂಡು ಜಮೀನಿನ ಹಕ್ಕುಪತ್ರ ಇದೆ. ಪೋಡಿನ ಗ್ರಾಮಸಭೆಗೆ ಸುತ್ತಲ ಕಾಡಿನ ಮೇಲೆ ಸಮುದಾಯ ಹಕ್ಕೂ ಸಿಕ್ಕಿದೆ. ಕಾಗದ ನೋಡಿದರೆ ಯಾವುದಕ್ಕೂ ಕೊರತೆ ಇಲ್ಲ. ಆದರೂ ಆ ಮನೆಗೆ ವರ್ಷದಲ್ಲಿ ಬರುವ ದುಡ್ಡಿನಲ್ಲಿ ಜಾಸ್ತಿ ಪಾಲು ಮಗನ ಸೆಕ್ಯೂರಿಟಿ ಸಂಬಳದ್ದೇ. ಆತ ಹೋಗಿಬಿಟ್ಟರೆ ಮನೆ ನಡೆಯುತ್ತಾ? ಹಕ್ಕು ಇದ್ದೂ ಯಾಕೆ ನಡೆಯಲ್ಲ?

ನಾನು ಬೆಂಗಳೂರಿನಲ್ಲಿ ಸಮಾಜಕಾರ್ಯ ಓದುವ ಮಕ್ಕಳಿಗೆ ಪಾಠ ಮಾಡುತ್ತೇನೆ. ಈ ಪ್ರಕರಣವನ್ನು ತರಗತಿಯಲ್ಲಿ ಇಟ್ಟರೆ ಎರಡೇ ಉತ್ತರ ಬರುತ್ತವೆ. ಒಂದು, 'ಕಾಡಿನಲ್ಲಿ ಇದ್ದು ಏನು ಮಾಡೋದು, ಎಲ್ಲರೂ ಕೆಳಗೆ ಬರಲಿ.' ಇನ್ನೊಂದು, 'ಹಕ್ಕು ಕೊಟ್ಟಾಗಿದೆ ಅಲ್ವಾ, ಇನ್ನೇನು?' ಎರಡೂ ಉತ್ತರ ಕೊಡುವವರು ಒಂದು ಸಲವೂ ಆ ಮನೆಯ ವರ್ಷದ ಲೆಕ್ಕ ಹಾಕಿ ನೋಡಿರುವುದಿಲ್ಲ. ಅದಕ್ಕೇ ಇಲ್ಲಿ ಲೆಕ್ಕ ಹಾಕಲು ಹೊರಟಿದ್ದೇನೆ. ಮನೆಯವರ ಹೆಸರು, ಪೋಡಿನ ಹೆಸರು ಬರೆಯುವುದಿಲ್ಲ. ಅವರಿಗೆ ಅದು ಬೇಡ.

ಊರು ಎಂಥದು

ಬಿಳಿಗಿರಿರಂಗನ ಬೆಟ್ಟ ಚಾಮರಾಜನಗರ ಜಿಲ್ಲೆಯಲ್ಲಿದೆ. ಬೆಂಗಳೂರಿನಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು ದಾಟಿ ಹೋದರೆ ಸುಮಾರು 180 ಕಿಲೋಮೀಟರ್. ಪಶ್ಚಿಮ ಘಟ್ಟವನ್ನೂ ಪೂರ್ವ ಘಟ್ಟವನ್ನೂ ಸೇರಿಸುವ ಬೆಟ್ಟಸಾಲು ಇದು. ತಪ್ಪಲಿನಲ್ಲಿ 600 ಮೀಟರ್ ಎತ್ತರ, ಮೇಲೆ 1,800 ಮೀಟರ್‌ವರೆಗೆ. ಹಾಗಾಗಿ ಕೆಳಗೆ ಕುರುಚಲು ಕಾಡು, ನಡುವೆ ಎಲೆ ಉದುರುವ ಕಾಡು, ಮೇಲೆ ಶೋಲಾ ಕಾಡು ಮತ್ತು ಹುಲ್ಲುಗಾವಲು. ನಮ್ಮವರಿಗೆ ಗೊತ್ತಿರುವುದು ಬಿಳಿ ಬಂಡೆಯ ಅಂಚಿನ ರಂಗನಾಥನ ಗುಡಿ, ಭಾರ್ಗವಿ ಹೊಳೆಯ ಹತ್ತಿರದ ದೊಡ್ಡ ಸಂಪಿಗೆ ಮರ. ರಂಗಪ್ಪ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದ ಅನ್ನುವ ಕತೆ ಇದೆ. ಅದಕ್ಕೆ ಸೋಲಿಗರಿಗೆ ಆತ ಬಾವ. ದೇವರನ್ನು ಬಾವ ಅಂತ ಕರೆದು ತಮಾಷೆ ಮಾಡುವ ಜನ ಇವರು.

ಸೋಲಿಗರ ವಸತಿಗೆ ಪೋಡು ಅನ್ನುತ್ತಾರೆ. ಮೊದಲು ಪೋಡು ಒಂದೇ ಜಾಗದಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಕಡೆ ಕಾಡು ಕಡಿದು ಸುಟ್ಟು ರಾಗಿ, ಅವರೆ, ಕುಂಬಳ ಬೆಳೆದು, ಕೆಲವು ವರ್ಷಕ್ಕೆ ಅದನ್ನು ಬಿಟ್ಟು ಇನ್ನೊಂದು ಕಡೆ ಹೋಗುತ್ತಿದ್ದರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಇಲ್ಲಿ ಅಭಯಾರಣ್ಯ ಆಯಿತು. ಹೀಗೆ ಕಡಿದು ಸುಡುವ ಕುಮರಿ ಬೇಸಾಯ ನಿಂತಿತು, ಬೇಟೆ ನಿಂತಿತು, ಬೆಂಕಿ ಹಾಕುವುದೂ ನಿಂತಿತು. ಪೋಡುಗಳನ್ನು ರಸ್ತೆ ಪಕ್ಕ ತಂದು ಒಂದೇ ಕಡೆ ಕೂರಿಸಿದರು. ನಮ್ಮ ಪ್ರಕರಣದ ಯುವಕನ ತಾತ ಹುಟ್ಟಿದ ಜಾಗ ಈಗಿನ ಮನೆಯಿಂದ ಒಂದು ಬೆಟ್ಟದಾಚೆ ಇದೆ. ಅಲ್ಲಿ ಈಗ ಮನೆ ಇಲ್ಲ. ಆದರೆ ಅವರ ಕುಲದ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಲ್ಲ ಅಲ್ಲೇ ಇವೆ. ಈ ಐದೂ ಪೂಜೆಯ ಜಾಗ ಸೇರಿದರೆ ಒಂದು ಕುಲದ ಎಲ್ಲೆ. ಜಕ್ಕೂರು ಹತ್ತಿರದ, ಪರಿಸರ ಸಂಶೋಧನೆ ಮಾಡುವ ಏಟ್ರೀ (ATREE) ಸಂಸ್ಥೆಯವರ ಜೊತೆ ಸೋಲಿಗರೇ ಜಿಪಿಎಸ್ ಹಿಡಿದು ಓಡಾಡಿ ಇಂಥ ನಾನೂರಕ್ಕೂ ಜಾಸ್ತಿ ಜಾಗಗಳನ್ನು ನಕ್ಷೆಗೆ ಇಳಿಸಿದ್ದಾರೆ. ಆಮೇಲೆ ಹಕ್ಕು ಕೇಳುವಾಗ ಈ ನಕ್ಷೆ ಬಹಳ ಉಪಯೋಗಕ್ಕೆ ಬಂತು.

ಪೋಡಿನ ದಿನದ ಬದುಕು ಬೆಟ್ಟ ನೋಡಲು ಹೋಗುವವರಿಗೆ ಕಾಣುವುದಿಲ್ಲ. ಮನೆಗಳು ಹೆಂಚಿನವು, ಸರ್ಕಾರದ ಯೋಜನೆಯಲ್ಲಿ ಕಟ್ಟಿಸಿದವು. ಚಳಿ ಕಾಯಿಸಿಕೊಳ್ಳುವುದಕ್ಕೆ, ಅಡುಗೆಗೆ, ನಾಲ್ಕು ಜನ ಕೂತು ಮಾತಾಡುವುದಕ್ಕೆ ಪಕ್ಕದಲ್ಲೇ ಹುಲ್ಲು ಹೊದಿಸಿದ ಒಂದು ಗುಡಿಸಲು. ಚಳಿಗಾಲದಲ್ಲಿ ಎಲ್ಲರೂ ಇರುವುದು ಆ ಗುಡಿಸಲಿನಲ್ಲೇ, ಯಾಕೆಂದರೆ ಅಲ್ಲಿ ಒಲೆ ಇದೆ. ದೀಪ ಸೋಲಾರಿನದು. ಮೂರು ದಿನ ಮೋಡ ಕವಿದರೆ ಅದೂ ಇಲ್ಲ. ಮೊಬೈಲ್ ಸಿಗ್ನಲ್ ಬೇಕಾದರೆ ಮನೆ ಹಿಂದಿನ ಬಂಡೆ ಹತ್ತಬೇಕು. ಮಗ ಬೆಂಗಳೂರಿನಿಂದ ಫೋನ್ ಮಾಡುವುದು ಸಂಜೆ ಐದೂವರೆಗೆ, ಡ್ಯೂಟಿಗೆ ಹೋಗುವ ಮುಂಚೆ. ಆ ಹೊತ್ತಿಗೆ ಅವ್ವ ಬಂಡೆ ಮೇಲೆ ಇರುತ್ತಾರೆ. ಆರು ಗಂಟೆ ಆದಮೇಲೆ ಇರುವ ಹಾಗಿಲ್ಲ, ಆನೆ ಬರುತ್ತವೆ.

ಮನೆಯ ವರ್ಷದ ಲೆಕ್ಕ

ಆ ಮನೆಗೆ ನಾಲ್ಕು ಕಡೆಯಿಂದ ಅನ್ನ ಬರುತ್ತದೆ. ಜಮೀನು, ಕಾಡು, ಕೂಲಿ, ಮತ್ತು ಮಗನ ಸಂಬಳ. ರೇಷನ್ ಅಕ್ಕಿ ಮತ್ತು ಬುಡಕಟ್ಟು ಕುಟುಂಬಗಳಿಗೆ ಕೊಡುವ ಪೌಷ್ಟಿಕ ಆಹಾರದ ಕಿಟ್ ಬೇರೆ. ಅದರಲ್ಲಿ ಬೇಳೆ, ಬೆಲ್ಲ, ಮೊಟ್ಟೆ, ತುಪ್ಪ ಇರುತ್ತವೆ. ಕಿಟ್ ಬಗ್ಗೆ ನಗರದಲ್ಲಿ ಕೆಲವರು ಮೂಗು ಮುರಿಯುತ್ತಾರೆ. ಮಳೆಗಾಲದಲ್ಲಿ ಒಂದು ತಿಂಗಳು ಅಲ್ಲಿ ಇದ್ದು ಬಂದರೆ ಮುರಿಯಲಾರರು.

ಜಮೀನಿನ ಕತೆ ಬೇಗ ಮುಗಿಯುತ್ತದೆ. ರಾಗಿ ಹಾಕುತ್ತಾರೆ. ಬದುವಿನಲ್ಲಿ ಅವರೆ, ಸಾಸಿವೆ. ತೆನೆ ಬಲಿಯುವ ಹೊತ್ತಿಗೆ ಹಂದಿ ಬರುತ್ತದೆ, ಆನೆ ಬರುತ್ತದೆ. ಅಟ್ಟಣೆ ಕಟ್ಟಿ ರಾತ್ರಿಯೆಲ್ಲ ಕಾಯಬೇಕು. ಯುವಕ ಒಮ್ಮೆ ಹೇಳಿದ: "ಇಲ್ಲಿ ರಾತ್ರಿ ಎಲ್ಲ ಎದ್ದಿದ್ದರೆ ಸಂಬಳ ಕೊಡ್ತಾರೆ ಮೇಡಂ. ಅಲ್ಲಿ ರಾತ್ರಿ ಎಲ್ಲ ಎದ್ದಿದ್ರೂ ಬೆಳಗ್ಗೆ ಒಂದು ಗಂಟೆ ಕಣ್ಣು ಮುಚ್ಚಿದ್ರೆ ಹಂದಿ ಮುಗಿಸಿರುತ್ತೆ." ಮನೆಗೆ ಊಟಕ್ಕೆ ರಾಗಿ ಆದರೆ ಆ ವರ್ಷ ಒಳ್ಳೆಯದು ಅಂತ. ಮಾರುವ ಮಾತೇ ಇಲ್ಲ. ಮೇಲಿನ ಪೋಡುಗಳಲ್ಲಿ ಈಗ ಕಾಫಿ, ಮೆಣಸು ಹಾಕಿದವರಿದ್ದಾರೆ. ಕಾಫಿಯನ್ನು ಆನೆ, ಹಂದಿ ರಾಗಿಯಷ್ಟು ಹಾಳು ಮಾಡುವುದಿಲ್ಲ, ಕಾವಲೂ ಅಷ್ಟು ಬೇಡ. ಈ ಮನೆಯವರೂ ಒಂದು ಮೂಲೆಯಲ್ಲಿ ಗಿಡ ನೆಟ್ಟಿದ್ದಾರೆ. ಫಸಲು ಕಾಣಲು ಮೂರ್ನಾಲ್ಕು ವರ್ಷ ಬೇಕು.

ಕಾಡಿನ ಲೆಕ್ಕವೇ ಮುಖ್ಯ. ಏಪ್ರಿಲ್‌ನಿಂದ ಜೂನ್ ತನಕ ಜೇನು. ಚಳಿಗಾಲದಲ್ಲಿ ನೆಲ್ಲಿಕಾಯಿ. ಅದರ ಜೊತೆ ಮರದ ಪಾಚಿ, ಸೀಗೆ, ಅಂಟುವಾಳ, ಅಳಲೆಕಾಯಿ, ಮಾಗಳಿ ಬೇರು, ಪೊರಕೆ ಹುಲ್ಲು. ಇವನ್ನು ಕೊಳ್ಳುವುದು ಲ್ಯಾಂಪ್ಸ್ ಸೊಸೈಟಿ, ಅಂದರೆ ಬುಡಕಟ್ಟು ಜನರ ಸಹಕಾರ ಸಂಘ. 1990ರ ದಶಕದಲ್ಲಿ ಇಲ್ಲಿ ನಡೆದ ಅಧ್ಯಯನಗಳ ಪ್ರಕಾರ ಸೋಲಿಗರ ಕೈಗೆ ಬರುತ್ತಿದ್ದ ದುಡ್ಡಿನಲ್ಲಿ ಹೆಚ್ಚುಕಡಿಮೆ ಅರ್ಧ ಹೀಗೆ ಕಾಡಿನಿಂದಲೇ ಬರುತ್ತಿತ್ತು. ಒಳಗಿನ ಪೋಡುಗಳಲ್ಲಿ ಅರ್ಧಕ್ಕಿಂತಲೂ ಜಾಸ್ತಿ. ಆಗ ಜೇನು ಸೋಸಿ ಬಾಟಲಿಗೆ ತುಂಬುವ, ನೆಲ್ಲಿ ಉಪ್ಪಿನಕಾಯಿ ಮಾಡುವ ಘಟಕಗಳನ್ನೂ ಶುರು ಮಾಡಿದ್ದರು. ಈಗ ಈ ಮನೆಗೆ ಕಾಡಿನಿಂದ ಬರುವ ದುಡ್ಡು ಒಂದು ಹಬ್ಬ, ತಂಗಿಯ ಬಟ್ಟೆ, ಸಾಲದ ಒಂದು ಕಂತು ಇಷ್ಟಕ್ಕೆ ಸರಿಹೋಗುತ್ತದೆ.

ಏನಾಯಿತು? ನಮಗೆ ಮೊದಲು ಹೊಳೆಯುವ ಕಾರಣ ಕಾನೂನು. ಅದು ನಿಜವೇ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಮಾಡಿದ ತಿದ್ದುಪಡಿಯ ಕಾರಣಕ್ಕೆ ಅಭಯಾರಣ್ಯದಿಂದ ಜೇನು, ನೆಲ್ಲಿಯಂಥ ಕಿರು ಅರಣ್ಯ ಉತ್ಪನ್ನ ತಂದು ಮಾರುವುದು ನಿಷೇಧವಾಯಿತು. ಬಿಳಿಗಿರಿಯಲ್ಲಿ 2006ರ ಹೊತ್ತಿಗೆ ಅದು ಪೂರ್ತಿ ಜಾರಿಗೆ ಬಂತು. ಆ ವರ್ಷಗಳಲ್ಲೇ ಜನ ಕೊಡಗಿನ ಕಾಫಿ ತೋಟಕ್ಕೆ, ಮೈಸೂರು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡಲು ಶುರುವಾದದ್ದು. ನಮ್ಮ ಯುವಕನ ಅಪ್ಪನೂ ಎರಡು ಮೂರು ಸೀಸನ್ ಕೊಡಗಿಗೆ ಹೋಗಿದ್ದಾರೆ. ಆದರೆ ಆಮೇಲೆ ಸಮುದಾಯ ಹಕ್ಕು ಸಿಕ್ಕಿ ಮತ್ತೆ ಮಾರಬಹುದು ಅಂತಾದಮೇಲೂ ದುಡ್ಡು ವಾಪಸ್ ಬರಲಿಲ್ಲವಲ್ಲ. ಅದಕ್ಕೆ ಕಾರಣ ಕಾಡಿನೊಳಗೇ ಇದೆ.

ನೆಲ್ಲಿ ಮರದ ಕೆಳಗೆ

ಯುವಕನ ಅಪ್ಪನ ಜೊತೆ ನೆಲ್ಲಿ ಮರಗಳಿರುವ ಗುಡ್ಡಕ್ಕೆ ಹೋಗಿದ್ದೆ. ಅವರು ಕತ್ತಿ ಹಿಡಿದು ಮುಂದೆ, ನಾನು ಹಿಂದೆ. ದಾರಿ ಅನ್ನುವುದೇನೂ ಇಲ್ಲ. ತಲೆಗಿಂತ ಎತ್ತರಕ್ಕೆ ಲಂಟಾನ ಅನ್ನುವ ಮುಳ್ಳುಪೊದೆ. ಬಗ್ಗಿ, ಕೆಲವು ಕಡೆ ಕುಕ್ಕರುಗಾಲಲ್ಲಿ ಹೋಗಬೇಕು. ಎರಡು ಮಾರು ಮುಂದೆ ಏನಿದೆ ಕಾಣಲ್ಲ. ಪ್ರತಿ ತಿರುವಿನಲ್ಲೂ ಅವರು ನಿಂತು ಜೋರಾಗಿ ಕೂಗು ಹಾಕುತ್ತಿದ್ದರು. ಕರಡಿಗೆ ನಾವು ಬರುತ್ತಿದ್ದೇವೆ ಅಂತ ಗೊತ್ತಾಗಲಿ ಅಂತ. ಸುಮ್ನೆ ಹೋಗಿ ಮಲಗಿದ ಕರಡಿ ಮೇಲೆ ಬೀಳುವುದೇ ದೊಡ್ಡ ಅಪಾಯ.

ಮರದ ಕೆಳಗೆ ನಿಂತು ಒಂದು ಕೊಂಬೆ ಎಳೆದು ತೋರಿಸಿದರು. ನೆಲ್ಲಿ ಎಲೆ ನಮಗೆ ಗೊತ್ತಲ್ಲ, ಸಣ್ಣ ಗರಿಯ ಹಾಗೆ. ಆ ಕೊಂಬೆಯಲ್ಲಿ ಅದು ಇರಲೇ ಇಲ್ಲ. ದಪ್ಪ, ಅಗಲ, ಬೂದು ಬಣ್ಣದ ಎಲೆ. ಕೊಂಬೆಯ ಬುಡದಲ್ಲಿ ಗಂಟು ಕಟ್ಟಿ ಕೂತಿತ್ತು. ಇದು ಉಪ್ಪಿಲು, ಬಂದಳಿಕೆಯ ಜಾತಿ. ಹಣ್ಣು ತಿಂದ ಹಕ್ಕಿ ಕೊಕ್ಕು ಒರೆಸಿದ ಕಡೆ ಬೀಜ ಅಂಟಿ ಬೇರು ಬಿಡುತ್ತದೆ, ಮರದ ನೀರು ಕುಡಿದು ಬೆಳೆಯುತ್ತದೆ. ಗಂಟಿನಿಂದ ಮುಂದಕ್ಕೆ ಕೊಂಬೆ ಒಣಗಿತ್ತು, ಕಾಯಿ ಇಲ್ಲ. ಅವರು ಆ ಕೊಂಬೆಯನ್ನು ಗಂಟಿಗಿಂತ ಒಂದು ಗೇಣು ಹಿಂದಕ್ಕೆ ಕಡಿದು ಹಾಕಿದರು. "ಮೊದ್ಲು ಇದನ್ನ ನಾವು ಕಡೀಬೇಕಾಗಿರ್ಲಿಲ್ಲ ತಾಯಿ, ಬೆಂಕಿ ನೋಡ್ಕೊಳ್ತಿತ್ತು" ಅಂದರು.

ಅವರು ಹೇಳಿದ ಬೆಂಕಿ ತರಗು ಬೆಂಕಿ. ಜನವರಿ, ಫೆಬ್ರವರಿಯಲ್ಲಿ ಎಲೆ ಉದುರಿದ ಮೇಲೆ, ಬಿಸಿಲು ಏರುವ ಮೊದಲು, ಓಡಾಡುವ ದಾರಿಗುಂಟ ತರಗೆಲೆಗೆ ಹಾಕುವ ಸಣ್ಣ ಬೆಂಕಿ. ಮೊಣಕಾಲೆತ್ತರಕ್ಕೂ ಏಳುವುದಿಲ್ಲ. ನೆಲದ ಕಸ ಸುಡುತ್ತದೆ, ಲಂಟಾನದ ಎಳೆ ಸಸಿ ಸಾಯುತ್ತದೆ, ಮರಕ್ಕೆ ಅಂಟಿದ ಉಪ್ಪಿಲು ಬಿಸಿಗೆ ಬಾಡುತ್ತದೆ. ಮಳೆ ಬಿದ್ದ ಮೇಲೆ ಹೊಸ ಹುಲ್ಲು, ಅದಕ್ಕೆ ಜಿಂಕೆ, ಕಾಟಿ. ಸೋಲಿಗರ ಹಿರಿಯರು ಈ ಮಾತನ್ನು ದಶಕಗಳಿಂದ ಹೇಳುತ್ತಿದ್ದಾರೆ. ಬಹಳ ಕಾಲ ಅರಣ್ಯ ಇಲಾಖೆಯವರೂ ತಜ್ಞರೂ ನೆಲ್ಲಿ ಸೊರಗುತ್ತಿರುವುದಕ್ಕೆ ಸೋಲಿಗರೇ ಜಾಸ್ತಿ ಕಾಯಿ ಕೀಳುತ್ತಿರುವುದೇ ಕಾರಣ ಅಂದುಕೊಂಡಿದ್ದರು. ಆಮೇಲೆ ಅಧ್ಯಯನ ಮಾಡಿದವರು ಉಪ್ಪಿಲಿನ ಬಗ್ಗೆ ಸೋಲಿಗರು ಹೇಳಿದ್ದರಲ್ಲಿ ಹುರುಳಿದೆ ಅಂತ ಒಪ್ಪಿಕೊಂಡರು.

ಲಂಟಾನದ ಲೆಕ್ಕ ಇನ್ನೂ ಗಾಬರಿ ಹುಟ್ಟಿಸುತ್ತದೆ. ಇದೇ ಅರಣ್ಯದಲ್ಲಿ ಗುರುತು ಮಾಡಿದ ಜಾಗಗಳನ್ನು 1997ರಲ್ಲೊಮ್ಮೆ, 2008ರಲ್ಲೊಮ್ಮೆ ನೋಡಿದ್ದಾರೆ. 1997ರಲ್ಲಿ ಸುಮಾರು ಶೇ 41ರಷ್ಟು ಜಾಗದಲ್ಲಿ ಲಂಟಾನ ಇತ್ತು. 2008ರಲ್ಲಿ ಶೇ 81. ಹನ್ನೊಂದು ವರ್ಷದಲ್ಲಿ ಇಷ್ಟು. 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ತೋಟದ ಅಂದಕ್ಕೆ ತಂದ ಗಿಡ ಇದು. ಬೆಂಗಳೂರಿನವರಿಗೆ ಇದರ ಪರಿಚಯ ಇನ್ನೊಂದು ರೂಪದಲ್ಲಿದೆ. 2024ರ ಫೆಬ್ರವರಿಯಲ್ಲಿ ಲಾಲ್‌ಬಾಗ್‌ನಲ್ಲಿ ಲಂಟಾನ ಕಡ್ಡಿಯಿಂದ ಮಾಡಿದ ಆನೆಗಳ ಹಿಂಡನ್ನೇ ನಿಲ್ಲಿಸಿದ್ದರಲ್ಲ, ಜನ ಸಾಲುಗಟ್ಟಿ ಸೆಲ್ಫಿ ತೆಗೆದುಕೊಂಡರು. ಮಾಡಿದ್ದು ನೀಲಗಿರಿ ಕಡೆಯ ಆದಿವಾಸಿಗಳು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರೂ ಲಂಟಾನದಿಂದ ಕುರ್ಚಿ, ಬುಟ್ಟಿ, ಆನೆ ಮಾಡುತ್ತಾರೆ. ಒಳ್ಳೆಯ ಕೆಲಸ, ಕೂಲಿ ಸಿಗುತ್ತದೆ. ಆದರೆ ಕುರ್ಚಿ ಮಾಡಿ ಖಾಲಿ ಮಾಡುವಷ್ಟು ಕಡಿಮೆ ಲಂಟಾನ ಯಾವ ಬೆಟ್ಟದಲ್ಲೂ ಇಲ್ಲ.

ಹಾಗಾದರೆ ಮತ್ತೆ ಬೆಂಕಿ ಹಾಕಿದರಾಯಿತು ಅಂತ ನನ್ನ ವಿದ್ಯಾರ್ಥಿಗಳು ಹುಮ್ಮಸ್ಸಿನಿಂದ ಬರೆಯುತ್ತಾರೆ. ಹಾಗಾಗಲ್ಲ. ಹಿರಿಯರೇ ಬೇಡ ಅನ್ನುತ್ತಾರೆ. ಈಗ ತಲೆ ಮುಚ್ಚುವಷ್ಟು ಲಂಟಾನ ಇದೆ. ಬೆಂಕಿ ಬಿದ್ದರೆ ಅದು ನೆಲದಲ್ಲಿ ಹರಿಯದೆ ನೆತ್ತಿಗೇರುತ್ತದೆ, ಮರವನ್ನೇ ತಿನ್ನುತ್ತದೆ. ಲಂಟಾನವೋ ಬುಡದಿಂದ ಮತ್ತೆ ಚಿಗುರುತ್ತದೆ. ಮೊದಲು ಕೈಯಿಂದ ತೆಗೆಯಬೇಕು. ಮಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ತಾಯಿಬೇರು ಕಡಿದು, ಪೊದೆಯನ್ನು ತಲೆಕೆಳಗು ಮಾಡಿ ಒಣಗಲು ಬಿಡಬೇಕು. ಹಕ್ಕಿ ಬೀಜ ಉದುರಿಸುತ್ತಲೇ ಇರುತ್ತವೆ, ಅದಕ್ಕೆ ಮುಂದಿನ ಕೆಲವು ಮಳೆಗಾಲ ಸಸಿ ಕೀಳುತ್ತಲೇ ಇರಬೇಕು. ಆಮೇಲೆ ಬೆಂಕಿಯ ಮಾತು. ಇದಕ್ಕೆ ಆಳು ಬೇಕು, ಕೂಲಿ ಬೇಕು, ಅದಕ್ಕಿಂತ ಮೊದಲು ಒಪ್ಪಿಗೆ ಬೇಕು.

ಕಾಗದದಲ್ಲಿ ಏನಿದೆ

2006ರ ಅರಣ್ಯ ಹಕ್ಕು ಕಾಯ್ದೆ 2007ರ ಡಿಸೆಂಬರ್ 31ರಿಂದ ಜಾರಿಗೆ ಬಂತು. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಉಳುಮೆ ಮಾಡುತ್ತಿದ್ದ ಬುಡಕಟ್ಟು ಕುಟುಂಬಕ್ಕೆ ಗರಿಷ್ಠ 4 ಹೆಕ್ಟೇರ್‌ವರೆಗೆ ಹಕ್ಕು. ಗಂಡ, ಹೆಂಡತಿ ಇಬ್ಬರ ಹೆಸರೂ ಹಕ್ಕುಪತ್ರದಲ್ಲಿ ಇರಬೇಕು. ಮಕ್ಕಳಿಗೆ ಬರುತ್ತದೆ, ಮಾರುವ ಹಾಗಿಲ್ಲ. ಈ ಮನೆಯ ಜಮೀನು ಹೀಗೆ ಬಂದದ್ದು. ನಮ್ಮ ಯುವಕ ಬೆಂಗಳೂರಿನಲ್ಲಿದ್ದರೂ ಆ ಜಮೀನಿಗೆ ವಾರಸುದಾರ ಹೌದು. ಅವನ ಮನಸ್ಸಿನಲ್ಲಿ ಇದ್ದ ಮೊದಲ ಭಯವೇ ಅದು. ಊರಲ್ಲಿ ಇಲ್ಲದವನ ಹೆಸರು ಹೊಡೆದು ಹಾಕುತ್ತಾರೆ ಅಂತ ಯಾರೋ ಹೆದರಿಸಿದ್ದರು.

ಇನ್ನು ಸಮುದಾಯ ಹಕ್ಕು. 2011ರ ಜನವರಿಯಲ್ಲಿ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್ 2ರಂದು ಇಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಕೊಟ್ಟರು. ಹುಲಿ ಕಾಡಿನೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು ಅಂತ ಆಗ ದೊಡ್ಡ ಸುದ್ದಿ. ಜೇನು, ನೆಲ್ಲಿ, ಪಾಚಿ ತಂದು ಮಾರಬಹುದು. ಎಲ್ಲೆಗೆ ಹೋಗಿ ಪೂಜೆ ಮಾಡಬಹುದು. ದನ ಮೇಯಿಸಬಹುದು. ಹುಲಿಗೆ ಇದರಿಂದ ತೊಂದರೆ ಆಯಿತಾ ಅಂದರೆ, 2010ರಲ್ಲಿ 35 ಇದ್ದ ಹುಲಿ 2014ರಲ್ಲಿ 68 ಆಗಿದೆ ಅಂತ ವರದಿಯಾಯಿತು. ಹಕ್ಕು ಕೊಟ್ಟಿದ್ದಕ್ಕೇ ಹುಲಿ ಹೆಚ್ಚಿತು ಅಂತ ನಾನು ಹೇಳಲ್ಲ. ಜನ ಇದ್ದರೆ ಹುಲಿ ಉಳಿಯಲ್ಲ ಅನ್ನುವವರು ಈ ಲೆಕ್ಕಕ್ಕೆ ಉತ್ತರ ಹೇಳಬೇಕು ಅಷ್ಟೇ.

ಕಾಯ್ದೆ ಇಷ್ಟಕ್ಕೇ ನಿಲ್ಲುವುದಿಲ್ಲ. 3ನೇ ಸೆಕ್ಷನ್ ಸಮುದಾಯದ ಕಾಡನ್ನು ಕಾಪಾಡುವ, ಮತ್ತೆ ಬೆಳೆಸುವ, ನಿರ್ವಹಿಸುವ ಹಕ್ಕನ್ನೂ ಗ್ರಾಮಸಭೆಗೆ ಕೊಡುತ್ತದೆ. 2012ರ ತಿದ್ದುಪಡಿ ನಿಯಮಗಳ ಪ್ರಕಾರ ಗ್ರಾಮಸಭೆ ಸಮಿತಿ ಮಾಡಿಕೊಂಡು ತನ್ನ ಕಾಡಿಗೆ ತಾನೇ ಯೋಜನೆ ಬರೆಯಬಹುದು. ಉತ್ಪನ್ನ ಸಾಗಿಸುವ ಪಾಸನ್ನೂ ಆ ಸಮಿತಿಯೇ ಕೊಡಬಹುದು. ನನ್ನ ಪ್ರಕಾರ ಈ ಪ್ರಕರಣದ ಗಂಟು ಇಲ್ಲಿದೆ. ಪೋಡಿಗೆ ಕಾಯಿ ಕೀಳುವ ಹಕ್ಕು ಕೈಗೆ ಬಂತು. ಕಾಯಿ ಬಿಡುವ ಹಾಗೆ ಕಾಡನ್ನು ನೋಡಿಕೊಳ್ಳುವ ಹಕ್ಕು ಕಾಗದದಲ್ಲೇ ಉಳಿಯಿತು. ಎಲ್ಲಿ ಲಂಟಾನ ತೆಗೆಯಬೇಕು, ಯಾವಾಗ, ಯಾರಿಂದ, ಬೆಂಕಿ ಹರಡದ ಹಾಗೆ ತಡೆಯುವ ರೇಖೆ ಎಲ್ಲಿ ಹೊಡೆಯಬೇಕು, ಇವೆಲ್ಲ ಈಗಲೂ ಬೇರೆಯವರ ಮೇಜಿನ ಮೇಲೆ ತೀರ್ಮಾನವಾಗುತ್ತವೆ. ಪೋಡಿನವರು ಆ ಕೆಲಸಕ್ಕೆ ದಿನಗೂಲಿಗೆ ಹೋಗುತ್ತಾರೆ. ಅಪ್ಪನೂ ಬೇಸಿಗೆಯಲ್ಲಿ ಬೆಂಕಿ ಕಾವಲುಗಾರ. ಬೆಂಕಿ ಹಾಕಲು ಗೊತ್ತಿದ್ದವರಿಗೆ ಬೆಂಕಿ ಬೀಳದ ಹಾಗೆ ನೋಡಿಕೊಳ್ಳುವ ಕೂಲಿ. ಅವರಿಗೂ ಇದು ಗೊತ್ತು, ನಕ್ಕು ಸುಮ್ಮನಾಗುತ್ತಾರೆ.

ಇಲಾಖೆಯವರ ಮಾತನ್ನೂ ಬರೆಯಬೇಕು. ಬೇಸಿಗೆಯಲ್ಲಿ ಬೀಳುವ ಒಂದು ದೊಡ್ಡ ಬೆಂಕಿಗೆ ಕೆಳಗಿನ ಗಾರ್ಡ್‌ನಿಂದ ಹಿಡಿದು ಮೇಲಿನವರವರೆಗೆ ಉತ್ತರ ಕೊಡಬೇಕು. ಹಾಗಿರುವಾಗ 'ಸಣ್ಣ ಬೆಂಕಿ ಹಾಕಿಕೊಳ್ಳಿ' ಅಂತ ಯಾವ ಅಧಿಕಾರಿ ಬರೆದುಕೊಡುತ್ತಾನೆ? ಅವರ ಭಯ ಸುಳ್ಳಲ್ಲ. ಆದರೆ ಲಂಟಾನ ಕೀಳುವುದಕ್ಕೆ ಈ ಭಯ ಅನ್ವಯಿಸುವುದಿಲ್ಲ.

ಕೆಳಗೆ ಬಂದರೆ ಏನು

'ಎಲ್ಲರೂ ಕೆಳಗೆ ಬರಲಿ' ಅನ್ನುವ ಮೊದಲ ಉತ್ತರದವರಿಗೆ ಬರೋಣ. ಹುಲಿ ಸಂರಕ್ಷಿತ ಪ್ರದೇಶದಿಂದ ಸ್ವಂತ ಇಷ್ಟದಿಂದ ಹೊರಗೆ ಬರುವ ಕುಟುಂಬಕ್ಕೆ ಕೇಂದ್ರದ ಯೋಜನೆಯಲ್ಲಿ ಮೊದಲು 10 ಲಕ್ಷ ರೂಪಾಯಿ ಇತ್ತು. 2021ರಲ್ಲಿ 15 ಲಕ್ಷಕ್ಕೆ ಏರಿಸಿದರು. 2024ರ ಜೂನ್‌ನಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ರಾಜ್ಯಗಳಿಗೆ ಪತ್ರ ಬರೆದು, ಹುಲಿ ಕಾಡಿನ ಒಳಭಾಗದಲ್ಲಿ ಇನ್ನೂ 591 ಹಳ್ಳಿ, 64,801 ಕುಟುಂಬ ಇವೆ, ಸ್ಥಳಾಂತರದ ವೇಳಾಪಟ್ಟಿ ಕೊಡಿ ಅಂತ ಕೇಳಿತು. ಕಾನೂನಿನಲ್ಲಿ ಮಾತ್ರ ಬಲವಂತಕ್ಕೆ ಜಾಗವಿಲ್ಲ. ಮೊದಲು ಹಕ್ಕು ಇತ್ಯರ್ಥ ಆಗಬೇಕು, ಗ್ರಾಮಸಭೆ ಒಪ್ಪಬೇಕು.

ಪೋಡಿನಲ್ಲಿ ಈ ಮಾತು ಬಂದಾಗ ಎಲ್ಲರೂ ಒಂದೇ ಥರ ಮಾತಾಡಲ್ಲ. ವಯಸ್ಸಾದವರು ಎಲ್ಲೆ ಬಿಟ್ಟು ಬರುವುದಿಲ್ಲ ಅನ್ನುತ್ತಾರೆ. ಚಿಕ್ಕ ಮಕ್ಕಳಿರುವ ಒಂದಿಬ್ಬರು ತಾಯಂದಿರು, ಆಸ್ಪತ್ರೆ ಹತ್ತಿರ ಇದ್ದರೆ ಸಾಕಪ್ಪ ಅಂದರು. ಅದನ್ನು ನಾನು ಹಗುರ ಮಾಡುವುದಿಲ್ಲ. ಬೆಟ್ಟದ ಮೇಲೆ 1981ರಲ್ಲಿ ಡಾ. ಎಚ್. ಸುದರ್ಶನ್ ಶುರು ಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಆಸ್ಪತ್ರೆ, ಶಾಲೆ ಇವೆ. ಅದರಿಂದ ಎರಡು ತಲೆಮಾರು ಬದುಕಿದೆ. ಆದರೂ ಒಳಗಿನ ಪೋಡಿನಿಂದ ರಾತ್ರಿ ಹೊತ್ತು ಹೆರಿಗೆ ನೋವು ಬಂದವರನ್ನು ತರುವುದು ಈಗಲೂ ಕಷ್ಟ. ಮಲೆ ಮಹದೇಶ್ವರ ಬೆಟ್ಟದ ಕಡೆಯ ಊರುಗಳಲ್ಲಂತೂ ಬಟ್ಟೆ ಜೋಲಿ ಕಟ್ಟಿ ಡೋಲಿಯಲ್ಲಿ ಹೊತ್ತು ತರುವ ಸುದ್ದಿ ಪ್ರತಿ ವರ್ಷ ಓದುತ್ತೇವೆ. 2024ರ ಏಪ್ರಿಲ್‌ನಲ್ಲಿ ಅಲ್ಲಿನ ಇಂಡಿಗನತ್ತದಲ್ಲಿ ರಸ್ತೆ, ನೀರು ಇಲ್ಲ ಅಂತ ಮತದಾನ ಬಹಿಷ್ಕಾರ ನಡೆದು, ಗಲಾಟೆಯಲ್ಲಿ ಮತಯಂತ್ರ ಒಡೆದು, ಮರುಮತದಾನ ಆಯಿತಲ್ಲ. ಅದರ ಹಿಂದೆ ಇದ್ದದ್ದು ಇಂಥದೇ ಸಿಟ್ಟು.

ಆದರೆ ಸೌಲಭ್ಯ ಬೇಕು ಅನ್ನುವುದು ಬೇರೆ, ಊರು ಬಿಡುತ್ತೇವೆ ಅನ್ನುವುದು ಬೇರೆ. ಅರಣ್ಯ ಹಕ್ಕು ಕಾಯ್ದೆಯಲ್ಲೇ ಇದಕ್ಕೂ ದಾರಿ ಇದೆ. ಶಾಲೆ, ಆಸ್ಪತ್ರೆ, ಅಂಗನವಾಡಿ, ರಸ್ತೆ, ಕುಡಿಯುವ ನೀರು, ವಿದ್ಯುತ್ ಮತ್ತು ಫೋನ್ ಲೈನ್ ಹೀಗೆ 13 ಬಗೆಯ ಸೌಲಭ್ಯಕ್ಕೆ, ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಕಾಡು ಸಾಕಾಗುವುದಾದರೆ, ಗ್ರಾಮಸಭೆ ಶಿಫಾರಸು ಮಾಡಿ ಕೇಳಬಹುದು. ಹೆಕ್ಟೇರಿಗೆ 75ಕ್ಕಿಂತ ಜಾಸ್ತಿ ಮರ ಕಡಿಯುವ ಹಾಗಿಲ್ಲ. ಪೋಡಿನಲ್ಲಿ ಈ ವಿಷಯ ಗೊತ್ತಿದ್ದವರು ಇಬ್ಬರೇ. 'ಕಾಡಿನೊಳಗೆ ಲೈನ್ ಎಳೆಯಲು ಆಗಲ್ಲ' ಅನ್ನುವ ಒಂದೇ ಮಾತನ್ನು ವರ್ಷಗಟ್ಟಲೆ ಕೇಳಿ ಎಲ್ಲರೂ ನಂಬಿಬಿಟ್ಟಿದ್ದರು.

ಇನ್ನು 15 ಲಕ್ಷ. ಬೆಂಗಳೂರಿನಲ್ಲಿ ಆ ದುಡ್ಡಿಗೆ ಒಂದು ಬೆಡ್‌ರೂಮಿನ ಮನೆ ಬರಲ್ಲ. ತಪ್ಪಲಿನ ಹಳ್ಳಿಯಲ್ಲಿ ಮನೆ, ಸ್ವಲ್ಪ ಜಮೀನು ಬರಬಹುದು. ಆದರೆ ಆ ಜಮೀನಿಗೆ ಬೋರ್‌ವೆಲ್ ಬೇಕು, ಜೊತೆಗೆ ಕಾಡಿನ ಗೆಡ್ಡೆ, ಸೊಪ್ಪು, ಸೌದೆ, ಜೇನು ಯಾವುದೂ ಇಲ್ಲ. ಈ ಮನೆಯ ಊಟದಲ್ಲಿ ದುಡ್ಡು ಕೊಡದೆ ಬರುವುದು ಎಷ್ಟಿದೆ ಅನ್ನುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಳೆ ಶುರುವಾದ ಮೇಲೆ ಅವ್ವ ತರುವ ಸೊಪ್ಪು, ಅಣಬೆಯನ್ನೇ ನಗರದಲ್ಲಿ ಕೊಂಡರೆ ಮಗನ ಸಂಬಳ ಎಲ್ಲಿಗೂ ಸಾಲದು.

ಬೆಂಗಳೂರಿನ ಕಡೆಯ ಲೆಕ್ಕವೂ ಹಾಗೇ. ಏಜೆನ್ಸಿ ಮೂಲಕ ಕೆಲಸ, ಹನ್ನೆರಡು ಗಂಟೆ ಪಾಳಿ. ನಾಲ್ವರು ಸೇರಿ ಒಂದು ರೂಮು, ಇಬ್ಬರು ಹಗಲು ಮಲಗುತ್ತಾರೆ, ಇಬ್ಬರು ರಾತ್ರಿ. ಬಾಡಿಗೆ, ಊಟ, ಮೊಬೈಲ್ ಕಳೆದು ಉಳಿದಿದ್ದು ಊರಿಗೆ. ರಜೆ ಹಾಕಿದರೆ ಸಂಬಳ ಕಟ್. ಆ ಅಪಾರ್ಟ್‌ಮೆಂಟಿನವರು ವಾರದ ಸಂತೆಯಲ್ಲಿ ಬಿಳಿಗಿರಿ ಜೇನು ಅಂತ ದುಬಾರಿ ಬಾಟಲಿ ಕೊಳ್ಳುತ್ತಾರೆ. ಅದರಲ್ಲಿ ನಿಜವಾದದ್ದು ಯಾವುದು ಅಂತ ಗೇಟಿನಲ್ಲಿ ಕೂತವನನ್ನು ಕೇಳಿದರೆ ಹೇಳುತ್ತಿದ್ದ. ಯಾರೂ ಕೇಳಿಲ್ಲ.

ಮನೆಯವರು ಮಾಡಿದ ತೀರ್ಮಾನ

ಆತ ಇವತ್ತೇ ವಾಪಸ್ ಹೋದರೆ ಮನೆ ನಡೆಯುವುದಿಲ್ಲ. ಹೋಗದೇ ಇದ್ದರೆ ಇನ್ನು ಕೆಲವು ವರ್ಷಕ್ಕೆ ಜಮೀನು ಕಾಯುವವರಿಲ್ಲ, ಗ್ರಾಮಸಭೆಯಲ್ಲಿ ಓದು ಬರಹ ಬಲ್ಲವರಿಲ್ಲ. ಅಪ್ಪನಿಗೆ ಮರ ಹತ್ತುವ ವಯಸ್ಸು ದಾಟುತ್ತಿದೆ. ಗ್ರಾಮಸಭೆಯ ಕೋರಂಗೆ ಅರ್ಧದಷ್ಟು ಸದಸ್ಯರು ಇರಬೇಕು, ಅದರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಗಂಡಸರು ಕೂಲಿಗೆ ಹೊರಗೆ ಹೋದಷ್ಟೂ ಸಭೆ ಸೇರುವುದೇ ಕಷ್ಟ. ಸಭೆ ಸೇರದಿದ್ದರೆ ಯೋಜನೆ ಇಲ್ಲ. ಯೋಜನೆ ಇಲ್ಲದಿದ್ದರೆ ಕಾಡು ಹೀಗೇ, ಕಾಡು ಹೀಗೇ ಇದ್ದರೆ ಗಂಡಸರು ಹೊರಗೇ.

ಸೋಲಿಗರ ರೊಟ್ಟಿ ಹಬ್ಬಕ್ಕೆ ಆತ ಊರಿಗೆ ಹೋದಾಗ ಮನೆಯವರೆಲ್ಲ ಕೂತು ಮಾತಾಡಿದ್ದಾರೆ. ಕಾಫಿ ಫಸಲಿಗೆ ಬರುವ ತನಕ, ತಂಗಿ ಪಿಯುಸಿ ಮುಗಿಸುವ ತನಕ ಆತ ಬೆಂಗಳೂರಿನಲ್ಲೇ ಇರುವುದು. ಊರಲ್ಲಿ ಗ್ರಾಮಸಭೆ ಸೇರುವ ದಿನ ಮುಂಚೆಯೇ ಗೊತ್ತು ಮಾಡಿ ಅವನಿಗೆ ತಿಳಿಸುವುದು. ಅರ್ಜಿ ಬರೆಯುವ ಕೆಲಸ ಅವನದು. ಮೊದಲ ಅರ್ಜಿ ವಿದ್ಯುತ್ ಲೈನಿಗೆ, ಹೋಗಿದೆ. ಎರಡನೆಯದು ನೆಲ್ಲಿ ಗುಡ್ಡದ ಒಂದು ಮಗ್ಗುಲಿಗೆ. ಇಡೀ ಕಾಡು ಬೇಡ, ಆ ಒಂದು ಮಗ್ಗುಲಿನ ಲಂಟಾನವನ್ನು ಗ್ರಾಮಸಭೆಯ ಲೆಕ್ಕದಲ್ಲೇ ತೆಗೆದು, ಉಪ್ಪಿಲು ಕಡಿದು, ಮೂರು ವರ್ಷ ಸಸಿ ಕಿತ್ತು ತೋರಿಸುತ್ತೇವೆ ಅನ್ನುವ ಯೋಜನೆ. ಬೆಂಕಿಯ ಮಾತನ್ನು ಈ ಅರ್ಜಿಯಲ್ಲಿ ಬೇಕೆಂದೇ ಬರೆದಿಲ್ಲ. ಅದನ್ನು ಬಿಡಿಸಿದ್ದು ಅಪ್ಪ. ಮೊದಲ ಸಾಲಲ್ಲೇ ಬೆಂಕಿ ಅಂತ ಇದ್ದರೆ ಎರಡನೇ ಸಾಲು ಯಾರೂ ಓದಲ್ಲ ಅಂದರಂತೆ. ಸರಿಯಾಗಿಯೇ ಹೇಳಿದ್ದಾರೆ.

ಅವ್ವ ಹಾಕಿದ ಷರತ್ತು ಒಂದೇ. ರಾಗಿ ಕಾಯುವ ತಿಂಗಳು ಮಗ ಊರಲ್ಲಿ ಇರಬೇಕು. ಅಷ್ಟು ದಿನ ರಜೆ ಕೊಡಲು ಏಜೆನ್ಸಿಯವರು ಇನ್ನೂ ಒಪ್ಪಿಲ್ಲ. ಬದಲಿ ಆಳು ಕೊಟ್ಟರೆ ನೋಡೋಣ ಅಂದಿದ್ದಾರೆ, ಆತ ರೂಮಿನವರನ್ನು ಕೇಳುತ್ತಿದ್ದಾನೆ.